ಗ್ವಾಂಟನಾಮೊಕರ ಬಾಯಿ

ನಮ್ಮ ಧಾರವಾಡ ಕಡೆಯವರಿಗೆ ಒಂದು ಚಟ. ಹೊಸಬರು ಸಿಕ್ಕರೆ ಹೆಸರು ಕೇಳುವ ಮೊದಲು ಊರು ಕೇಳುತ್ತೇವೆ. ಹೆಸರಿನಿಂದ ಏನು ಮಣ್ಣು ತಿಳಿಯುತ್ತದೆ? ಊರು ಗೊತ್ತಾದರೆ ಅಲ್ಲಿಗೆ ನಮ್ಮ ಸೋದರತ್ತೆಯ ನಾದಿನಿಯನ್ನು ಕೊಟ್ಟಿದ್ದಾರೋ ಇಲ್ಲವೋ ನೋಡಬಹುದು, ಅಲ್ಲಿಯ ಮೆಣಸಿನಕಾಯಿಯನ್ನೋ ಪೇಢೆಯನ್ನೋ ಹೊಗಳಬಹುದು, ಮಾತಿಗೊಂದು ದಾರಿಯಾಗುತ್ತದೆ. ಲಂಡನ್ನಿಗೆ ಬಂದು ಎಷ್ಟು ವರ್ಷವಾದರೂ ನನ್ನ ಈ ಚಟ ಬಿಡಲಿಲ್ಲ. ಬಿಡದೆ ಇದ್ದದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಹೊಲಿಗೆಯ ಬಾಯಿಯವರು ನನಗೆ ದಕ್ಕುತ್ತಿರಲಿಲ್ಲ.

ಹೋದ ತಿಂಗಳು ಅವರು ಹೊಲಿಗೆ ನಿಲ್ಲಿಸಿ ತಮ್ಮೂರಿಗೆ ಹೊರಟುಹೋದರು. ಅವರ ಅಂಗಡಿಯ ಬೋರ್ಡು ಈಗ ನಮ್ಮ ಹಿತ್ತಲಿನ ಶೆಡ್ಡಿನಲ್ಲಿದೆ. ಶೆಡ್ಡಿಗಿಂತ ಬೋರ್ಡೇ ಉದ್ದ, ಹಾಗಾಗಿ ಬಾಗಿಲು ಮುಚ್ಚುವುದಿಲ್ಲ, ಹುಲ್ಲು ಕತ್ತರಿಸುವ ಯಂತ್ರ ನೆನೆಯುತ್ತದೆ ಎಂದು ನಮ್ಮ ಮನೆಯವರು ದಿನಾ ಗೊಣಗುತ್ತಾರೆ. ಗೊಣಗಲಿ. ಆ ಬೋರ್ಡಿಗಾಗಿ ಬಾಯಿ ಏನೇನು ಕಳೆದುಕೊಂಡರು ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ತೊಂಬತ್ತರ ದಶಕದ ನಡುವಿನ ಮಾತು. ಲಂಡನ್ನಿನ ಟೂಟಿಂಗ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಯ ಎದುರಿಗೆ ಒಂದು ಹೊಲಿಗೆ ಅಂಗಡಿ ಶುರುವಾಯಿತು. ಬೋರ್ಡು ಇರಲಿಲ್ಲ. ಕೋಟಿನ ಹರಿದ ಜೇಬು ಹೊಲಿಸೋಣವೆಂದು ಹೋದೆ. ಯಂತ್ರದ ಹಿಂದೆ ಕಪ್ಪಗೆ, ಗಟ್ಟಿಮುಟ್ಟಾಗಿ, ನನಗಿಂತ ಹತ್ತು ವರ್ಷ ಹಿರಿಯ ಹೆಂಗಸು. ಬಾಯ್ತುಂಬ ಗುಂಡುಸೂಜಿ. ನಾನು ಕೋಟು ಕೊಡುವ ಮೊದಲೇ ಕೇಳಿಬಿಟ್ಟೆ, ನಿಮ್ಮೂರು ಯಾವುದು ಅಂತ. ಅವರು ಒಂದೊಂದೇ ಸೂಜಿಯನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈ ದೇಶಕ್ಕ ಬಂದಾಗಿಂದ ಎಲ್ಲಾರೂ ಯಾವ ದೇಶ, ಯಾವ ದೇಶ ಅಂತಾರ. ಊರು ಕೇಳಿದಾಕಿ ನೀನ ಮೊದಲನೇದಾಕಿ," ಎಂದರು. ಆಮೇಲೆ ಎದೆಯ ಮೇಲೆ ಕೈಯಿಟ್ಟು, ನಾಲ್ಕೂ ಅಕ್ಷರ ಬಿಡಿಸಿ, "ಗ್ವಾಂಟನಾಮೊ," ಎಂದರು.

ಇಲ್ಲೊಂದು ಮಾತು ಹೇಳಿಬಿಡಬೇಕು. ಅವರು ಆಡುತ್ತಿದ್ದದ್ದು ಮುರುಕು ಇಂಗ್ಲಿಷು. ಅದನ್ನು ನಾನು ಕನ್ನಡಕ್ಕೆ ತಂದರೆ ನಮ್ಮ ಧಾರವಾಡದ ಮಾತೇ ಬರುತ್ತದೆ, ಏನು ಮಾಡಲಿ? ಅವರ ಸ್ವಭಾವಕ್ಕೆ ಅದೇ ಒಪ್ಪುತ್ತದೆ. ಮುಂದೆ ಬರುವ ಬೇರೆಯವರ ಮಾತಿಗೂ ಇದೇ ಕತೆ.

ಆಗ ಆ ಹೆಸರು ಕೇಳಿ ಯಾರೂ ಬೆಚ್ಚುತ್ತಿರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತೇ ಇರಲಿಲ್ಲ. ಕ್ಯೂಬಾ ದೇಶದ ಮೂಡಣ ತುದಿಯ ಊರು. ಹಿಂದೆ ಕಾಫಿ ಬೆಳೆಯುವ ಗುಡ್ಡ, ಮುಂದೆ ಸಮುದ್ರದ ಕೊಲ್ಲಿ. ಅವರ ಅಪ್ಪ ಕೊಲ್ಲಿಯ ದಡದಲ್ಲಿ ಉಪ್ಪಿನ ಗದ್ದೆಯಲ್ಲಿ ದುಡಿದವನು. ಕೊಲ್ಲಿಯ ಬಾಯಿಯಲ್ಲಿ ಮಾತ್ರ ಅಮೆರಿಕದವರ ನೌಕಾನೆಲೆ, ಸುತ್ತ ತಂತಿ ಬೇಲಿ. "ನಮ್ಮ ಕಡೆ ಕರೆಂಟು ಹೋದಾಗ ಆ ಕಡೆ ಝಗಝಗ ಅಂತಿತ್ತು. ನಾವು ಆ ದೀಪ ನೋಡಿದ್ದಷ್ಟ. ಒಳಗ ಏನೈತೋ ಯಾರಿಗೆ ಗೊತ್ತು," ಎನ್ನುತ್ತಿದ್ದರು. ಹಡಗಿನ ಎಂಜಿನಿಯರ್ ಒಬ್ಬನನ್ನು ಮದುವೆಯಾಗಿ ಲಂಡನ್ನಿಗೆ ಬಂದಿದ್ದರು. ಆ ಗಂಡನ ಬಗ್ಗೆ ನಾನು ಕೇಳಿದ್ದು ಒಂದೇ ಸಲ. "ಅಂವಾ ಹೋದ, ಮಷೀನು ಉಳೀತು," ಎಂದು ಹೇಳಿ ಪೆಡಲು ತುಳಿದರು. ಮತ್ತೆ ನಾನು ಕೇಳಲಿಲ್ಲ.

ಕೋಟಿನ ಜೇಬಾದ ಮೇಲೆ ಅವರ ಕೈಗೆ ನಾನು ಒಪ್ಪಿಸಿದ್ದು ಒಂದು ಖಣ, ಕುಪ್ಪಸದ ಬಟ್ಟೆ. ಗುಳೇದಗುಡ್ಡದ ಖಣ, ಅವ್ವ ಕಳಿಸಿದ್ದು. ಖಣದ ಅಂಚು ತೋಳಿಗೆ ಬರಬೇಕು, ಅದು ಬರದಿದ್ದರೆ ಕುಪ್ಪಸ ಕುಪ್ಪಸವೇ ಅಲ್ಲ ಎಂದು ನಮ್ಮ ಕಡೆ ಕೂಸುಗಳಿಗೂ ಗೊತ್ತು. ಬಾಯಿಗೆ ಯಾರು ಹೇಳಬೇಕು? ಅಂಚನ್ನು ಬಟ್ಟೆಯ ದಂಡೆಯೆಂದು ತಿಳಿದು ನೀಟಾಗಿ ಕತ್ತರಿಸಿ ಬುಟ್ಟಿಗೆ ಹಾಕಿದ್ದರು. ಕುಪ್ಪಸ ನೋಡಿ ನನಗೆ ಅಳು ಬಂತು. ಅಂಗಡಿಯಲ್ಲೇ ನಿಂತು ಜೋರು ಮಾಡಿದೆ. ಅವರು ಕ್ಷಮಿಸಿ ಅನ್ನಲಿಲ್ಲ, ವಾದವನ್ನೂ ಮಾಡಲಿಲ್ಲ. ಬುಟ್ಟಿ ಬೋರಲು ಹಾಕಿ, ಚೂರು ಚೂರು ಅಂಚನ್ನೆಲ್ಲ ಹೆಕ್ಕಿ, ತೋಳು ಬಿಚ್ಚಿ, ನನ್ನನ್ನು ಕುರ್ಚಿಯ ಮೇಲೆ ಕೂಡ್ರಿಸಿ, ಕತ್ತಲಾಗುವುದರೊಳಗೆ ಆ ಅಂಚನ್ನು ಜೋಡಿಸಿ ಹಚ್ಚಿಕೊಟ್ಟರು. ಜೋಡಣೆ ಎಲ್ಲಿದೆಯೆಂದು ಇವತ್ತಿಗೂ ನನಗೆ ಸಿಕ್ಕಿಲ್ಲ. ಆಮೇಲೆ ಟೂಟಿಂಗ್‌ನ ಕನ್ನಡದ ಹೆಂಗಸರೆಲ್ಲ ಅವರ ಗಿರಾಕಿಗಳಾದರು. ಬಾಯಿ ನನ್ನಿಂದ ಒಂದು ಮಾತು ಕಲಿತು ನನ್ನನ್ನು "ತಂಗಿ" ಎಂದು ಕರೆಯತೊಡಗಿದರು.

ಒಂದು ದಿನ ನನ್ನ ಅಡ್ಡಹೆಸರಿನ ಅರ್ಥ ಕೇಳಿದರು. ನಾನು ಮನಗುಂಡಿ. ಅರ್ಥ ಏನು ಬಂತು, ಅದೊಂದು ಊರು ಎಂದೆ. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು, ಯಾರೋ ಮುತ್ತಜ್ಜ ಊರು ಬಿಟ್ಟು ಬೇರೆ ಕಡೆ ಹೋದಾಗ ಮಂದಿ ಅವನನ್ನು ಆ ಊರಿನಿಂದಲೇ ಗುರುತಿಸುತ್ತಾರೆ, ಮೊಮ್ಮಕ್ಕಳಿಗೂ ಅದೇ ಅಂಟಿಕೊಳ್ಳುತ್ತದೆ ಎಂದು ವಿವರಿಸಿದೆ. "ನಮ್ಮ ಮನೆಯವರು ಮನಗುಂಡಿಯೊಳಗ ಒಂದು ರಾತ್ರಿನೂ ಮಲಗಿಲ್ಲ. ಆದ್ರೂ ಮನಗುಂಡಿ," ಎಂದೆ.

ಬಾಯಿ ಕೆಲಸ ನಿಲ್ಲಿಸಿದರು. "ಅಂದ್ರ ಊರು ಬಿಟ್ಟವರಿಗೇ ಊರ ಹೆಸರು?"

"ಹೌದ್ರಿ. ಊರಾಗ ಇದ್ದವರಿಗೆ ಅದು ಯಾಕ ಬೇಕು?"

ಮರುವಾರ ಅಂಗಡಿಗೆ ಬೋರ್ಡು ಬಂತು. ನೀಲಿ ಹಲಗೆ, ಹಳದಿ ಅಕ್ಷರ, ಅಂಗಡಿಯ ಅಗಲಕ್ಕೂ: ಗ್ವಾಂಟನಾಮೊ ಟೇಲರಿಂಗ್. ಅದರ ಕೆಳಗೆ ನಿಂತು, ನಾನೂ ಈಗ ನಿಮ್ಮವಳು ಎಂಬ ಹಾಗೆ ಸೊಂಟಕ್ಕೆ ಕೈಯಿಟ್ಟುಕೊಂಡರು. ನಮ್ಮ ಕಡೆ ಊರ ಹೆಸರಿಗೆ ‘ಕರ’ ಹಚ್ಚಿ ಅಡ್ಡಹೆಸರು ಮಾಡುವುದುಂಟು, ಹಿರಿಯ ಹೆಂಗಸರಿಗೆ ಗೌರವಕ್ಕೆ ಬಾಯಿ ಎನ್ನುತ್ತೇವಲ್ಲ, ಹಾಗಾಗಿ ಧಾರವಾಡ, ಬೆಳಗಾವಿ ಮಂದಿಯ ಬಾಯಲ್ಲಿ ಅವರು ಗ್ವಾಂಟನಾಮೊಕರ ಬಾಯಿ ಆದರು. ಅವರ ನಿಜವಾದ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮವರು ಯಾರೂ ಗುರುತು ಹಿಡಿಯಲಿಕ್ಕಿಲ್ಲ.

ಬೇಸಗೆಯ ಸಂಜೆ ಅವರು ಎರಡು ಕುರ್ಚಿ ತಂದು ಫುಟ್‌ಪಾತಿನ ಮೇಲೆ ಹಾಕುತ್ತಿದ್ದರು. ಅವರ ಊರಲ್ಲಿ ಬಿಸಿಲು ಇಳಿದ ಮೇಲೆ ಎಲ್ಲರೂ ಬಾಗಿಲ ಮುಂದೆ ಕುರ್ಚಿ ಹಾಕಿ ಕೂಡುತ್ತಾರಂತೆ. ಸಣ್ಣ ಕಪ್ಪಿನಲ್ಲಿ ಕರಿ ಕಾಫಿ, ಅದರೊಳಗೆ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ಇಲ್ಲಿಯ ನಗರಸಭೆ ಕೌನ್ಸಿಲ್ಲಿನವನೊಬ್ಬ ಬಂದು ದಾರಿಗೆ ಅಡ್ಡವಾಗುತ್ತದೆ, ಕುರ್ಚಿ ಹಾಕುವಂತಿಲ್ಲ ಎಂದ. ಬಾಯಿ ಅವನನ್ನು ಎರಡನೆಯ ಕುರ್ಚಿಯ ಮೇಲೆ ಕೂಡ್ರಿಸಿ ಕಾಫಿ ಕೊಟ್ಟರು. ಆಮೇಲೆ ಅವನು ಆ ಕಡೆ ಬಂದಾಗ ಕುರ್ಚಿಯನ್ನು ತಾನೇ ಸ್ವಲ್ಪ ಗೋಡೆಗೆ ಸರಿಸಿ ಹೋಗುತ್ತಿದ್ದ.

ಇಷ್ಟು ಸುಖವಾಗಿ ಏಳೆಂಟು ವರ್ಷ ನಡೆಯಿತು. ಎರಡು ಸಾವಿರದ ಎರಡರ ಚಳಿಗಾಲದಲ್ಲಿ ಟಿವಿಯಲ್ಲಿ ಆ ಚಿತ್ರಗಳು ಬಂದವು. ಕಿತ್ತಳೆ ಬಣ್ಣದ ಬಟ್ಟೆ ತೊಡಿಸಿ, ಕಣ್ಣು ಕಿವಿ ಕಟ್ಟಿ, ಮೊಣಕಾಲೂರಿ ಕೂಡ್ರಿಸಿದ ಮನುಷ್ಯರು. ಅಮೆರಿಕದವರು ಭಯೋತ್ಪಾದಕರೆಂದು ಶಂಕಿಸಿ ಹಿಡಿದವರಿಗೆ ಆ ನೌಕಾನೆಲೆಯೊಳಗೆ ಜೈಲು ಮಾಡಿದ್ದರು. ಕೆಳಗೆ ದಪ್ಪಕ್ಷರದಲ್ಲಿ ಬಾಯಿಯ ಊರ ಹೆಸರು. ಅವತ್ತು ಅವರು ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ನಮ್ಮ ಅಂಗಡಿಗೆ ಓಡಿ ಬಂದು ಟಿವಿಯ ಮುಂದೆ ನಿಂತರು. "ಅದು ನಮ್ಮೂರಲ್ಲ ತಂಗಿ. ಅದು ನಮ್ಮೂರಲ್ಲ," ಎಂದು ಎರಡು ಸಲ ಹೇಳಿದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು ನೋಡಿ. ಜಿಪಿ ಡಾಕ್ಟರ ಹತ್ತಿರ ಹೋದಾಗ ಕೌಂಟರಿನ ಹುಡುಗಿ ಹುಟ್ಟಿದ ಊರು ಕೇಳಿದಳು. ಬಾಯಿ ಹೇಳಿದರು. ಅವಳು ಕಿಸಕ್ಕನೆ ನಕ್ಕು, "ತಮಾಷಿ ಸಾಕ್ರಿ, ಖರೇ ಊರು ಹೇಳ್ರಿ," ಎಂದಳು. ಬಾಯಿ ಹಿಂದಕ್ಕೆ ತಿರುಗಿ, ಕಾಯುತ್ತ ಕೂತವರಿಗೆಲ್ಲ ಕೇಳುವಂತೆ ಪಾಠ ಮಾಡಿದರು: ಊರಲ್ಲಿ ಒಂದು ರೈಲು ನಿಲ್ದಾಣ ಇದೆ, ನಡುವೆ ಒಂದು ಪಾರ್ಕು ಇದೆ, ಪಾರ್ಕಿನಲ್ಲಿ ಹಳದಿ ಚರ್ಚು ಇದೆ, ನನ್ನ ತಂಗಿ ಅಲ್ಲಿ ಶಾಲೆಯ ಟೀಚರು, ಅಲ್ಲಿ ಮಂದಿ ಹುಟ್ಟುತ್ತಾರೆ, ಲಗ್ನ ಆಗುತ್ತಾರೆ, ನೆಗಡಿಯಾದರೆ ಡಾಕ್ಟರ ಹತ್ತಿರ ಹೋಗುತ್ತಾರೆ, ನನ್ನ ಹಾಗೆ. ಪಕ್ಕದಲ್ಲಿ ನಾನಿದ್ದೆ. ನಾಚಿಕೆಯೂ ಆಯಿತು, ಚಪ್ಪಾಳೆ ತಟ್ಟಬೇಕೆಂದೂ ಅನ್ನಿಸಿತು.

ಬೋರ್ಡಿಗೆ ಎರಡೂ ಕಡೆಯಿಂದ ಬೈಗುಳ. ಕೆಲವರಿಗೆ ಬಾಯಿ ಕೈದಿಗಳನ್ನು ಗೇಲಿ ಮಾಡುತ್ತಿದ್ದಾರೆ ಅನ್ನಿಸಿತು. ಇನ್ನು ಕೆಲವರಿಗೆ ಕೈದಿಗಳ ಪರ ವಹಿಸಿದ್ದಾರೆ ಅನ್ನಿಸಿತು. ಒಂದು ಬೆಳಿಗ್ಗೆ ಗಾಜಿಗೆಲ್ಲ ಕೆಂಪು ಬಣ್ಣ ಎರಚಿದ್ದರು. ಇನ್ನೊಂದು ಸಲ ಗಾಜೇ ಒಡೆದಿತ್ತು. ಗಿರಾಕಿಗಳು ಕಡಿಮೆಯಾದರು. ನಮ್ಮ ಯುಗಾದಿ ಕೂಟದಲ್ಲೂ ಅದೇ ಚರ್ಚೆ. ಸ್ಟ್ಯಾನ್ಮೋರ್‌ನಿಂದ ಬಂದಿದ್ದ ಬೆಂಗಳೂರಿನ ಒಬ್ಬ ಡಾಕ್ಟರಮ್ಮ, "ಅಲ್ಲಾ ರೀ, ಸುಮ್ನೆ ಯಾಕೆ ತಲೆನೋವು? ಬೋರ್ಡ್ ತೆಗ್ಸಿಬಿಡೋಕೆ ಹೇಳಿ ಅವ್ರಿಗೆ. ಹೆಸ್ರಲ್ಲೇನಿದೆ?" ಎಂದರು. ಹೋಳಿಗೆ ಬಾಯಲ್ಲಿತ್ತು, ಇಲ್ಲದಿದ್ದರೆ ನಾನು ಅಲ್ಲೇ ಜಗಳಕ್ಕೆ ಬೀಳುತ್ತಿದ್ದೆ.

ಕಟ್ಟಡದ ಮಾಲೀಕ ಕೆಟ್ಟವನಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡೇ ಬಂದ. "ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆದ್ರ ಈ ಹೆಸರು ಇದ್ರ ನನ್ನ ಗಾಜು ಉಳಿಯೂದಿಲ್ಲ. ಬ್ಯಾಸಗಿಗೆ ಕರಾರು ಮುಗೀತೈತಿ. ಬೋರ್ಡು ಇಳಸ್ರಿ, ಇಲ್ಲಾಂದ್ರ ಅಂಗಡಿ ಬಿಡ್ರಿ," ಎಂದ. ನಮ್ಮ ಮನೆಯವರು ನಡುವೆ ಒಂದು ದಾರಿ ಹುಡುಕಿದರು. "ಬಾಯಾರ, ಕ್ಯೂಬಾ ಟೇಲರಿಂಗ್ ಅಂತ ಬರಸ್ರಿ. ಸುಳ್ಳೂ ಆಗೂದಿಲ್ಲ, ಗಾಜೂ ಒಡಿಯೂದಿಲ್ಲ."

ಆ ಅಂಗಡಿ ಬಾಯಿ ಒಬ್ಬರೇ ಕಟ್ಟಿದ್ದು. ಹಿಂದಿನ ಕೋಣೆಯೇ ಅವರ ಮನೆ. ಕೊನೆಗೆ, "ಆತು. ಸೋಮವಾರ ಪೇಂಟರಿಗೆ ಬಾ ಅಂತೀನಿ," ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಗೆ ಒಬ್ಬ ಹೆಂಗಸು ಬಂದರು. ಅರವತ್ತರ ಆಜೂಬಾಜು, ತಲೆಯ ಮೇಲೆ ಬಿಳಿ ದುಪಟ್ಟಾ, ಕೈಯಲ್ಲಿ ಒಂದು ಸಲ್ವಾರು. ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡ್‌ನಿಂದ ರೈಲು ಹಿಡಿದು, ನೆಲದಡಿಯ ಟ್ಯೂಬು ಬದಲಿಸಿ, ಬೋರ್ಡು ಹುಡುಕಿಕೊಂಡು ಬಂದಿದ್ದರು. ಇಂಗ್ಲಿಷು ಅಷ್ಟಕ್ಕಷ್ಟೇ, ಉರ್ದು ಮಾತಾಡಿದರು. ಬಾಯಿ ನನ್ನನ್ನು ಕೂಗಿದರು. ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಕಲಿತ ನನ್ನ ಹಿಂದಿ ಅವತ್ತು ಉಪಯೋಗಕ್ಕೆ ಬಂತು. ಮತ್ತೊಂದು ಜಗಳ ಬಂತೆಂದೇ ನಾನು ತಿಳಿದಿದ್ದೆ.

"ಇವರು ಖರೇನೇ ಆ ಊರವರಾ?" ಎಂದು ಕೇಳಿದರು ಆಕೆ. ಹೌದೆಂದೆ.

"ನನ್ನ ಮಗನ್ನ ಅಲ್ಲಿಟ್ಟಾರ," ಎಂದರು.

ಬಾಯಿ ಎದ್ದು ಕುರ್ಚಿ ಸರಿಸಿಕೊಟ್ಟರು. ಆ ತಾಯಿ ಕೂಡಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಕೇಳಿದರು. ಅಲ್ಲಿ ಗಾಳಿ ಬೀಸುತ್ತದೆಯೇ? ರಾತ್ರಿ ಸೆಕೆ ಇರುತ್ತದೆಯೇ, ಚಳಿಯೇ? ಮಳೆ ಬರುತ್ತದೆಯೇ? ಹಕ್ಕಿ ಇವೆಯೇ? ಅವನಿಗೆ ಚಳಿ ತಡೆಯುವುದಿಲ್ಲ, ಸಣ್ಣವನಿದ್ದಾಗ ಉಬ್ಬಸ ಇತ್ತು.

ಬಾಯಿ ಒಂದೊಂದಕ್ಕೂ ಉತ್ತರ ಕೊಟ್ಟರು. ಅಲ್ಲಿ ಚಳಿಯೇ ಇಲ್ಲ, ಉಬ್ಬಸಕ್ಕೆ ಒಳ್ಳೆಯದು. ಒಣ ಹವೆ, ಪಾಪಸುಕಳ್ಳಿ ಬೆಳೆಯುವಂಥದ್ದು. ಬೆಳಗಿನ ಜಾವ ಗುಡ್ಡದ ಕಡೆಯಿಂದ ಗಾಳಿ ಇಳಿಯುತ್ತದೆ, ಮಧ್ಯಾಹ್ನ ಸಮುದ್ರದ ಕಡೆಯಿಂದ, ಅದಕ್ಕೆ ಉಪ್ಪಿನ ವಾಸನೆ. ಮಳೆ ಬಂದರೆ ಸಂಜೆ, ಹತ್ತು ನಿಮಿಷ ಹೊಡೆದು ಹೋಗುತ್ತದೆ. ಹಕ್ಕಿ ಬಹಳ. ಕಂದು ಬಣ್ಣದ ದೊಡ್ಡ ಕೊಕ್ಕಿನವು ಮೀನಿಗೆ ಧೊಪ್ಪನೆ ಬೀಳುತ್ತವೆ, ಸದ್ದು ದೂರದವರೆಗೆ ಕೇಳಿಸುತ್ತದೆ. "ನಾ ಜೈಲು ನೋಡಿಲ್ಲ, ಅದರ ಬಗ್ಗೆ ಹೇಳಾಕ ಬರೂದಿಲ್ಲ. ಆದ್ರ ಗಾಳಿ ನಮ್ಮದ. ಅದು ಅವಗ ಮುಟ್ಟೇ ಮುಟ್ಟತೈತಿ," ಎಂದರು.

ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಆ ತಾಯಿ ಈಗ ಕುರ್ಚಿಯ ಮೇಲೆ ಕೂತರು. "ಇಷ್ಟು ದಿನ ಕಣ್ಣು ಮುಚ್ಚಿದ್ರ ತಂತಿ ಬೇಲಿ ಒಂದ ಕಾಣತಿತ್ತು," ಎಂದರು. ಬಾಯಿ ಸಕ್ಕರೆ ಸುರಿದು ಕಾಫಿ ಮಾಡಿದರು.

ಆಕೆ ಹೋದ ಮೇಲೆ ಬಾಯಿ ಆ ಸಲ್ವಾರನ್ನು ನನಗೆ ತೋರಿಸಿದರು. ಅಂಚಿನ ಹೊಲಿಗೆ ಬಿಚ್ಚಿತ್ತು. ಸವೆದು ಬಿಚ್ಚಿದ್ದಲ್ಲ, ಬ್ಲೇಡಿನಿಂದ ಹುಷಾರಾಗಿ ಬಿಚ್ಚಿದ್ದು. ಬರಲಿಕ್ಕೆ ಒಂದು ನೆವ ಬೇಕಿತ್ತಲ್ಲ. ಆಮೇಲೆ ತಿಂಗಳಿಗೊಮ್ಮೆ ಹೀಗೆ ಮನೆಯಲ್ಲಿ ಒಂದು ಅಂಚು ಬಿಚ್ಚಿಕೊಂಡು ಬರುತ್ತಿದ್ದರು, ಬಾಯಿ ಏನೂ ಗೊತ್ತಿಲ್ಲದವರ ಹಾಗೆ ಹೊಲಿದುಕೊಡುತ್ತಿದ್ದರು.

ಸೋಮವಾರ ಪೇಂಟರು ಏಣಿ ತಂದ. ಬಾಯಿ ಅವನನ್ನು ಬಾಗಿಲಿಂದಲೇ ವಾಪಸು ಕಳಿಸಿದರು. "ಹೆಸರು ತಗದ್ರ ಆಕಿ ನನ್ನ ಎಲ್ಲಿ ಅಂತ ಹುಡಕಬೇಕು?" ಎಂದು ನನ್ನ ಮೇಲೇ ಸಿಟ್ಟು ಮಾಡಿದರು, ಪೇಂಟರನ್ನು ಕರೆದವಳು ನಾನೇ ಎಂಬಂತೆ. ಬೇಸಗೆಗೆ ಅಂಗಡಿ ಬಿಟ್ಟರು. ಹಿಂದಿನ ಕೋಣೆಯೂ ಹೋಯಿತು. ಟೂಟಿಂಗ್‌ನ ಮಾಡು ಹಾಕಿದ ಮಾರ್ಕೆಟ್ಟಿನೊಳಗೆ, ಮೀನಿನ ಅಂಗಡಿಯ ಮಗ್ಗುಲಿಗೆ ಒಂದು ಗೂಡು ಸಿಕ್ಕಿತು. ಯಂತ್ರ, ಮೇಜು, ಬಾಯಿ, ಇಷ್ಟಕ್ಕೇ ತುಂಬಿಹೋಗುವ ಜಾಗ. ಬೋರ್ಡು ಮಾತ್ರ ಹಳೆಯ ಅಂಗಡಿಯ ಅಗಲದ್ದು. ಕೊಯ್ದು ಸಣ್ಣದು ಮಾಡೋಣ ಎಂದರು ನಮ್ಮ ಮನೆಯವರು. ಬಾಯಿ ನೋಡಿದ ನೋಟಕ್ಕೆ ಸುಮ್ಮನಾದರು. ಮೀನಿನವನನ್ನು ಒಪ್ಪಿಸಿ ಅವನ ಅಂಗಡಿಯ ಮೇಲೂ ಹಾಯುವಂತೆ ಬೋರ್ಡು ತೂಗುಹಾಕಿದರು. ಎಷ್ಟೋ ಜನ ಮೀನಿನ ಅಂಗಡಿಯೇ ಗ್ವಾಂಟನಾಮೊ ಎಂದು ತಿಳಿದಿದ್ದರು. ಆ ಎರಡು ಕುರ್ಚಿಗಳು ಮಾರ್ಕೆಟ್ಟಿನ ದಾರಿಗೂ ಬಂದವು.

ವರ್ಷಗಳು ಹೋದವು. ಕೊನೆಗೊಂದು ದಿನ ಆ ತಾಯಿ ಮಗನನ್ನು ಕರೆದುಕೊಂಡು ಬಂದರು. ಯಾವ ಆರೋಪವನ್ನೂ ಹೊರಿಸದೆ ಇಟ್ಟುಕೊಂಡಿದ್ದರು, ಯಾವ ಕಾರಣವನ್ನೂ ಹೇಳದೆ ಬಿಟ್ಟಿದ್ದರು. ಮೂವತ್ತರ ಮೇಲಿನ ವಯಸ್ಸು, ಗಡ್ಡದಲ್ಲಿ ಬಿಳಿ. ಹಳೆಯ ಪ್ಯಾಂಟೆಲ್ಲ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ತಾಯಿ ಹೊಸ ಪ್ಯಾಂಟಿಗೆ ಕಪ್ಪು ಬಟ್ಟೆ ತಂದಿದ್ದರು. ನಾನು ಊಟದ ಬಿಡುವಿನಲ್ಲಿ ಅಲ್ಲೇ ಇದ್ದೆ. ಆತ ಕುರ್ಚಿಯ ಮೇಲೆ ಕೂತು ತಲೆಯ ಮೇಲಿನ ಬೋರ್ಡನ್ನು ಓದಿದ. ಮತ್ತೆ ಓದಿದ. ತಾಯಿ ಹೆದರಿ ನನ್ನ ಕೈ ಹಿಡಿದುಕೊಂಡರು.

"ನಾ ಅಲ್ಲಿ ಇಷ್ಟು ವರ್ಷ ಇದ್ದೆ. ಒಂದು ಮನಿ ನೋಡ್ಲಿಲ್ಲ, ಒಂದು ರಸ್ತೆ ನೋಡ್ಲಿಲ್ಲ. ಅಲ್ಲಿ ಊರು ಇಲ್ಲ," ಎಂದ ಬಾಯಿಗೆ.

ಬಾಯಿ ಸಿಟ್ಟಾಗುತ್ತಾರೆಂದು ನಾನು ತಿಳಿದೆ. ಅವರು ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಒಳಮೈ ಮೇಲಾಗಿ ಹಾಸಿ, ಅಳತೆ ಗುರುತಿಸುವ ಸೀಮೆಸುಣ್ಣ ಕೈಗೆತ್ತಿಕೊಂಡರು. "ಇಲ್ಲೆ ಬಾ," ಎಂದರು. ರೈಲು ನಿಲ್ದಾಣದಿಂದ ಶುರು ಮಾಡಿದರು. ನಿಲ್ದಾಣದಿಂದ ರಸ್ತೆ, ರಸ್ತೆಗೆ ಪಾರ್ಕು, ಪಾರ್ಕಿಗೆ ಚರ್ಚು, ತಂಗಿಯ ಶಾಲೆ, ತಮ್ಮ ಮನೆಯ ಬಾಗಿಲು, ಬಾಗಿಲ ಮುಂದೆ ಎರಡು ಕುರ್ಚಿ. ಆಮೇಲೆ ದಕ್ಷಿಣಕ್ಕೆ ಇಳಿದು ಅಪ್ಪನ ಉಪ್ಪಿನ ಗದ್ದೆ, ಕೊಲ್ಲಿ. ಅಲ್ಲಿ ಸುಣ್ಣ ನಿಂತಿತು. "ಇದರ ಮುಂದ ನನಗ ಗೊತ್ತಿಲ್ಲ. ಬೇಲಿ ನನಗೂ ಅಡ್ಡ ಇತ್ತು," ಎಂದು ಸುಣ್ಣವನ್ನು ಆತನ ಕೈಗೆ ಕೊಟ್ಟರು.

ಆತ ಬಗ್ಗಿ ಕೊಲ್ಲಿಯ ಬಾಯಿಯಲ್ಲಿ ಒಂದು ಸಣ್ಣ ಚೌಕ ಬರೆದ. ಅಲ್ಲಿಂದ ಬೆರಳನ್ನು ಬಟ್ಟೆಯ ಮೇಲೆ ನಿಧಾನ ಜರುಗಿಸುತ್ತ, ಉಪ್ಪಿನ ಗದ್ದೆ ದಾಟಿ, ರಸ್ತೆ ಹಿಡಿದು, ಪಾರ್ಕಿಗೆ ಬಂದು, ಬಾಗಿಲ ಮುಂದಿನ ಕುರ್ಚಿಯ ಹತ್ತಿರ ನಿಲ್ಲಿಸಿದ. "ಇಷ್ಟು ಹತ್ರ?" ಎಂದ.

"ಮತ್ತ ಇಷ್ಟು ವರ್ಷ ನಾ ಈ ಬೋರ್ಡು ಹೊತಕೊಂಡು ಕೂತದ್ದು ಯಾಕಂತ ತಿಳದಿ?" ಎಂದರು ಬಾಯಿ, ದನಿ ಏರಿಸಿ, ಕಣ್ಣೊರೆಸಿಕೊಳ್ಳುತ್ತ.

ಪ್ಯಾಂಟಿನ ಬಟ್ಟೆ ಹಾಳಾಯಿತೆಂದು ತಾಯಿ ಸುಣ್ಣ ಒರೆಸಲು ಕೈ ಚಾಚಿದರು. ಮಗ ಅವರ ಕೈ ಹಿಡಿದ. "ಇರಲಿ ಬಿಡು," ಎಂದ.

"ಒಳಮೈಗೆ ಬರತೈತಿ, ಯಾರಿಗೂ ಕಾಣೂದಿಲ್ಲ," ಎಂದರು ಬಾಯಿ, ಆಗಲೇ ಸೂಜಿ ಬಾಯಿಗಿಟ್ಟುಕೊಂಡು. "ಆದ್ರ ಒಂದು ಸಲ ಒಗದಿ ಅಂದ್ರ ಹೋಗಿಬಿಡತೈತಿ ನೋಡು."

"ಹೋದ್ರ ಮತ್ತ ಬರ್ತೀನಿ," ಎಂದ ಆತ. "ಊರು ಎಲ್ಲೈತಿ ಅಂತ ಗೊತ್ತಾತಲ್ಲ."